ಏಕಾಂತಪ್ಪಜ್ಜನ ಸಿಮ್ಮು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಉಗುರಿನಷ್ಟಗಲದ ಒಂದು ಸಿಮ್ಮು.

ಅದು ಚಿಗಟೇರಿಯ ಏಕಾಂತಪ್ಪಜ್ಜನದು. ಅಜ್ಜ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ಆದರೆ ನಮ್ಮ ಕಡೆ ಮನುಷ್ಯ ಹೋದ ಕೂಡಲೇ ಅವನ ಸಿಮ್ಮು ಹೋಗುವುದಿಲ್ಲ ನೋಡಿ. ಗ್ಯಾಸಿಗೆ ಅದೇ ನಂಬರು, ಬ್ಯಾಂಕಿಗೆ ಅದೇ ನಂಬರು, ರೇಷನ್ನಿಗೂ ಅದೇ. ಮಣ್ಣು ಮಾಡಿ ಬಂದವರು ಕಾಲು ತೊಳೆದುಕೊಂಡು ಮೊದಲು ಮಾಡುವ ಕೆಲಸ ಆ ಸಿಮ್ಮಿಗೆ ಕರೆನ್ಸಿ ಹಾಕಿಸುವುದು.

ಅಜ್ಜನ ಒಡೆದ ಫೋನು ದೇವರ ಜಗುಲಿಯ ಮೇಲೆ ಅವನ ಫೋಟೋದ ಪಕ್ಕ ಕೂತಿತ್ತು. ಸಿಮ್ಮು ಅದರೊಳಗೇ ಇದೆ ಅಂತ ಮನೆಯವರ ನಂಬಿಕೆ. ಇರಲಿಲ್ಲ. ಅದನ್ನು ಮೊಮ್ಮಗಳು ಸುಕನ್ಯಾ ಎಂದೋ ತೆಗೆದು ತನ್ನ ಫೋನಿನ ಎರಡನೇ ಸಂದಿಗೆ ತುರುಕಿದ್ದಳು. ಅಪ್ಪ ದಿನಾ ಸಂಜೆ ಅವಳ ನಂಬರು ತೆಗೆದು ಯಾರ ಜೊತೆ ಮಾತಾಡಿದಳು ಅಂತ ತಪಾಸಣೆ ಮಾಡುತ್ತಿದ್ದ. ಸತ್ತ ಅಜ್ಜನ ನಂಬರನ್ನು ಯಾವ ಅಪ್ಪ ತಪಾಸಣೆ ಮಾಡುತ್ತಾನೆ? ಹೀಗಾಗಿ ಸುಕನ್ಯಾ ಆ ನಂಬರಿನಿಂದ ಕೂಡ್ಲಿಗಿಯ ತಿಪ್ಪೇಶನಿಗೆ ಎಂಟು ತಿಂಗಳಿಂದ ಪ್ರೇಮ ಸಂದೇಶ ಕಳಿಸುತ್ತ ಆರಾಮಾಗಿದ್ದಳು. ಹುಡುಗಿ ಚಾಲಾಕಿ, ಅದರಲ್ಲಿ ಎರಡು ಮಾತಿಲ್ಲ.

ಚಾಲಾಕಿ ಅಲ್ಲದವನು ಅಂದರೆ ತಿಪ್ಪೇಶ. ಕೂಡ್ಲಿಗಿ ಬಸ್‌ಸ್ಟ್ಯಾಂಡಿನ ಎದುರು ಜೆರಾಕ್ಸ್ ಅಂಗಡಿ ಇಟ್ಟವನು. ಅವನ ತಾಯಿಗೆ ಓದು ಬರುವುದಿಲ್ಲ. ಆದರೆ ಹದಿನಾಲ್ಕು ಗ್ರೂಪುಗಳಲ್ಲಿ ಇದ್ದಾಳೆ. "ಲೇ ತಿಪ್ಪ್ಯಾ, ಗ್ರೂಪಿನಾಗ ಏನ್ ಬಂದೈತಿ ಓದಿ ಹೇಳೋ" ಅಂತ ಅವಳು ತಲೆ ತಿಂದು ತಿಂದೇ ಅವನು ಒಂದು ಆ್ಯಪ್ ಮಾಡಿದ. ಗ್ರೂಪಿನಲ್ಲಿ ಯಾರು ಏನು ಬರೆದರೂ ಅದು ಗಟ್ಟಿಯಾಗಿ ಓದಿ ಹೇಳುತ್ತದೆ. ಹೆಸರು 'ಓದವ್ವ'. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಕಡೆಯ ಮುದುಕಿಯರೆಲ್ಲ ಅದನ್ನು ಹಾಕಿಸಿಕೊಂಡು ಸೊಸೆಯಂದಿರ ಹಂಗು ಕಳಚಿಕೊಂಡಿದ್ದರು.

ಇವತ್ತು 'ಓದವ್ವ'ಗೆ ಎರಡು ಹೊಸ ಸೌಲಭ್ಯ ಬಿಡುಗಡೆ. ಅಂಗಡಿಯ ಮುಂದೆ ಶಾಮಿಯಾನ, ಬಾಡಿಗೆ ಸ್ಪೀಕರು, ನಲವತ್ತು ಕುರ್ಚಿ. ಮುಂದಿನ ಸಾಲಿನ ನಡುವಿನ ಕುರ್ಚಿಯಲ್ಲಿ ಸುಕನ್ಯಾಳ ಅಪ್ಪ, ಗೊಬ್ಬರದಂಗಡಿ ಗುರುಬಸವರಾಜ. ಸಂಬಂಧಿಕರ ಮೂಲಕ ತಿಪ್ಪೇಶನ ಮನೆಯವರು ಹೆಣ್ಣು ಕೇಳಿದಾಗ ಅವನು ಕಡ್ಡಿ ಮುರಿದಂತೆ ಹೇಳಿ ಕಳಿಸಿದ್ದ: "ಬರೇ ಜೆರಾಕ್ಸ್ ತೆಗಿಯೋನಿಗೆ ನಾ ಮಗಳನ್ನ ಕೊಡಂಗಿಲ್ಲ. ಆ್ಯಪ್ ಮಾಡ್ಯಾನಂತಲ್ಲ, ಕಣ್ಣಾರೆ ನೋಡ್ತೀನಿ. ಸೈ ಅನಿಸಿದ್ರ ಅವತ್ತ ಮಾತು ಕೊಡ್ತೀನಿ. ಇಲ್ಲಾಂದ್ರ ಮತ್ತ ಆ ಸುದ್ದಿ ಎತ್ತಬಾರ್ದು."

ತಿಪ್ಪೇಶ ಬೆಳಗಿನಿಂದ ಒಂದೇ ಲೆಕ್ಕ ಹಾಕುತ್ತಿದ್ದ. ಇವತ್ತು ಗೆದ್ದರೆ ಸುಕನ್ಯಾ. ಸೋತರೆ ಜೀವಮಾನವಿಡೀ ಜೆರಾಕ್ಸು.

"ಹಿರಿಯರೇ," ಅಂತ ಶುರು ಮಾಡಿದ. "ಮೊದಲ್ನೇದು, 'ಬರೆದವರ ದನಿ'. ಇಷ್ಟು ದಿನ ನಮ್ಮ ಓದವ್ವ ಎಲ್ಲಾರು ಬರೆದಿದ್ದನ್ನೂ ಒಂದ ದನಿಯಾಗ ಓದ್ತಿತ್ತು. ಇನ್ಮ್ಯಾಲೆ ಯಾರು ಬರೆದ್ರೋ ಅವರ ದನಿಯಾಗ ಓದ್ತೈತಿ. ಅವರು ಹಿಂದ ಗ್ರೂಪಿಗೆ ಮಾತಾಡಿ ಕಳಿಸಿದ್ದನ್ನ ಕೇಳಿ ತಾನ ಕಲ್ತಿರ್ತೈತಿ. ಎರಡ್ನೇದು, 'ತಾನೇ ಓದು'. ಫೋನ್ ಮುಟ್ಟೋದ ಬ್ಯಾಡ. ಗ್ರೂಪಿಂದಿರ್ಲಿ, ಒಬ್ಬರ ಕಳಿಸಿದ್ದಿರ್ಲಿ, ಮೆಸೇಜ್ ಬಂತಂದ್ರ ಓದಿಬಿಡ್ತೈತಿ."

ಪಕ್ಕದ ಮಂಡಕ್ಕಿ ಮಿರ್ಚಿ ಅಂಗಡಿಯ ಚೌಡಕ್ಕ ಕೂತಲ್ಲಿಂದಲೇ ಪಕ್ಕದವರ ಕೈಲಿ ಗ್ರೂಪಿಗೆ ಒಂದು ಸಾಲು ಒತ್ತಿಸಿ ಕಳಿಸಿದಳು. ತಕ್ಷಣ ಸ್ಪೀಕರಿನಲ್ಲಿ ಚೌಡಕ್ಕನದೇ ಗೊಗ್ಗರು ದನಿ: "ಮಿರ್ಚಿ ಬಿಸಿ ಅದಾವು, ಬರ್ರಿ!"

"ಯವ್ವಾ! ನಾ ಬಾಯಿ ಬಿಟ್ಟೇ ಇಲ್ಲ!" ಅಂತ ಚೌಡಕ್ಕ ತನ್ನ ಬಾಯಿಯನ್ನೇ ಮುಟ್ಟಿ ನೋಡಿಕೊಂಡಳು. ಜನ ಚಪ್ಪಾಳೆ ಹೊಡೆದರು. ಗುರುಬಸವರಾಜ ಮೀಸೆಯೊಳಗೇ ನಕ್ಕು ತಲೆಯಾಡಿಸಿದ. ತಿಪ್ಪೇಶನಿಗೆ ಆಗಲೇ ಬಾಸಿಂಗ ಕಟ್ಟಿದಷ್ಟು ಖುಷಿಯಾಯಿತು.

ಆಗ ಸ್ಪೀಕರು ಕೊರ್ರ್ ಅಂತು. ಒಬ್ಬ ಮುದುಕ ಕೆಮ್ಮಿ ಗಂಟಲು ಸರಿ ಮಾಡಿಕೊಂಡ ಸದ್ದು ಬಂತು. ಆಮೇಲೆ ಆ ದನಿ ನಿಧಾನಕ್ಕೆ, ಮಣ್ಣಿನ ಅಡಿಯಿಂದ ಬಂದ ಹಾಗೆ ಮಾತಾಡಿತು:

"ಉಂಡ್ಯೇನು ಬಂಗಾರ? ನಿನ್ನ ನೆನಪಾಗಿ ರಾತ್ರೆಲ್ಲ ನಿದ್ದಿ ಇಲ್ಲ. ಲಗೂನ ಬಂದು ನನ್ನ ಕರ್ಕೊಂಡು ಹೋಗು. ಸಂಜೀತನಕ ನೋಡ್ತೀನಿ. ನೀ ಬರ್ಲಿಲ್ಲಂದ್ರ ನಾನ ಬಂದುಬಿಡ್ತೀನಿ ನೋಡು!"

ಗುರುಬಸವರಾಜ ಎದ್ದು ನಿಂತ. ಕುರ್ಚಿ ಹಿಂದಕ್ಕೆ ಬಿತ್ತು.

"ಇದು... ಇದು ನಮ್ಮಪ್ಪಾಜಿ ದನಿ!"

ಅಜ್ಜ ಬದುಕಿದ್ದಾಗ ದಿನಾ ಮುಂಜಾನೆ ಗ್ರೂಪಿಗೆ ಮಳೆ, ಬೆಳೆ, ಮೊಣಕಾಲು ನೋವಿನ ಸುದ್ದಿಯನ್ನೆಲ್ಲ ಮಾತಾಡಿ ಕಳಿಸುತ್ತಿದ್ದ. ಸುತ್ತಲ ಐದು ತಾಲೂಕಿಗೂ ಆ ದನಿ ಪರಿಚಯ. ಜನಕ್ಕೆ ಗುರುತು ಹತ್ತಲು ಅರೆ ನಿಮಿಷವೂ ಬೇಕಾಗಲಿಲ್ಲ. ಹಿಂದಿನ ಸಾಲು ಮೊದಲು ಖಾಲಿಯಾಯಿತು, ಆಮೇಲೆ ನಡುವಿನದು. ಸ್ಪೀಕರಿನವನು ತನ್ನ ಸ್ಪೀಕರನ್ನೇ ಬಿಟ್ಟು ಓಡಿದ.

ಗುರುಬಸವರಾಜ ಸ್ಪೀಕರಿಗೆ ಜೋಡಿಸಿದ್ದ ತಿಪ್ಪೇಶನ ಫೋನು ಎತ್ತಿಕೊಂಡ. ಪರದೆಯ ಮೇಲೆ ರುಮಾಲು ಸುತ್ತಿದ ಏಕಾಂತಪ್ಪಜ್ಜನ ಫೋಟೋ, ಅವನದೇ ನಂಬರು. ನೋಡಿದವನ ಕಣ್ಣಲ್ಲಿ ದಳದಳ ನೀರು ಬಂತು. "ಸಣ್ಣಾಂವಿದ್ದಾಗ ನನ್ನ ಬಂಗಾರ ಅಂತ ಕರಿತಿದ್ದ. ನಿದ್ದಿ ಇಲ್ಲಂತ ನೋಡ್ರಿ ಅಪ್ಪಾಜಿಗೆ!"

ತಿಪ್ಪೇಶನಿಗೆ ಎಲ್ಲ ಹೊಳೆಯಿತು. ಸುಕನ್ಯಾಳ ಸಂದೇಶ, ಅಜ್ಜನ ನಂಬರು, ಅಜ್ಜನ ದನಿ. ಇದನ್ನು ಅವನು ಮೊದಲೇ ಯೋಚಿಸಬೇಕಿತ್ತು. ಯೋಚಿಸಿರಲಿಲ್ಲ.

"ಯಜಮಾನ್ರೇ, ಅದು ಏನಂದ್ರ..." ಅಂದ. ಏನಂತ ಹೇಳುವುದು? ಆ ನಂಬರು ನಿಮ್ಮ ಮಗಳ ಹತ್ತಿರ ಇದೆ, ಬಂಗಾರ ಅಂದರೆ ನೀವಲ್ಲ ನಾನು, ಅಂತಲೇ?

ಚೌಡಕ್ಕ ಮಾತ್ರ ಓಡಿರಲಿಲ್ಲ. ಇಂಥದ್ದೆಲ್ಲ ಬಿಟ್ಟು ಓಡುವ ಹೆಂಗಸಲ್ಲ ಅವಳು. "ಏನೋ ಕೊರತಿ ಉಳ್ದೈತಿ ಹಿರ್ಯಾಗ," ಅಂದಳು. "ಸಂಜೀಗೆ ತಾನ ಬರ್ತೀನಿ ಅಂದಾನ. ಬಂದಮ್ಯಾಲೆ ಕೇಳ್ತೀರೇನು? ಈಗ್ಲೇ ಆ ಫೋನು, ಆ ಹುಡುಗ ಎರಡೂ ಮನಿಗೆ ಒಯ್ರಿ. ಫೋನ್ ಬಂದ್ ಮಾಡಬ್ಯಾಡ್ರಿ ಮತ್ತ. ನಡುವ ಬಾಯಿ ಮುಚ್ಚಿದ್ರ ಸಿಟ್ಟಾಗ್ತಾವು."

ಹೀಗೆ ತಿಪ್ಪೇಶ ಮಾವನಾಗಬೇಕಿದ್ದವನ ಪಿಕಪ್ ಗಾಡಿ ಹತ್ತಿದ. ಫೋನನ್ನು ಗಾಜಿನ ಮುಂದೆ ಇಟ್ಟು, ಅದಕ್ಕೆ ವಿಭೂತಿ ಹಚ್ಚಿ, ಒಂದು ಚೆಂಡು ಹೂವು ಸಿಕ್ಕಿಸಿದ್ದರು. ತಿಪ್ಪೇಶ ಒಂದು ಸಲ ಮೆಲ್ಲಗೆ ಕೈ ಚಾಚಿದ.

"ಮುಟ್ಟಬ್ಯಾಡ!" ಗುರುಬಸವರಾಜ ಗದರಿಸಿದ. ತಿಪ್ಪೇಶ ಕೈ ಎಳೆದುಕೊಂಡ.

ಕೊಟ್ಟೂರು ದಾಟಿತು. ಎರಡೂ ಕಡೆ ಮೆಕ್ಕೆಜೋಳ ಅಲ್ಲಾಡದೆ ನಿಂತಿತ್ತು. ಗುಡ್ಡದ ಮೇಲಿನ ಗಾಳಿ ಫ್ಯಾನುಗಳು ಮಾತ್ರ ಸದ್ದಿಲ್ಲದೆ ತಿರುಗುತ್ತಿದ್ದವು. ಕೆಳಗೆ ಒಂದು ಎಲೆ ಅಲುಗದಿದ್ದರೂ ಅವು ಹೇಗೆ ತಿರುಗುತ್ತವೋ ಅಂತ ತಿಪ್ಪೇಶನಿಗೆ ಸುಮ್ಮಸುಮ್ಮನೆ ಭಯವಾಯಿತು. ಆಗ ಫೋನು ಕೆಮ್ಮಿತು.

"ಯಾಕ ಸುಮ್ನಾದಿ? ನಮ್ಮಪ್ಪ ಏನಂದ?"

ಗಾಡಿ ರಸ್ತೆ ಬಿಟ್ಟು ಇಳಿದು ಮತ್ತೆ ಹತ್ತಿತು. ಗುರುಬಸವರಾಜನ ಮುಖ ಬಿಳುಚಿತ್ತು. "ನಮ್ಮಪ್ಪ ಅನ್ನಾಕತ್ಯಾನ! ಅಂದ್ರ ನಮ್ಮ ಮುತ್ಯಾನೂ ಅಲ್ಲೇ ಅದಾನ!"

"ಎಲ್ಲಾರೂ ಒಂದ ಕಡೆ ಇರ್ತಾರ್ರಿ," ಅಂದ ತಿಪ್ಪೇಶ. ಬೇರೆ ಏನು ತಾನೇ ಹೇಳಿಯಾನು!

ಎರಡು ಮೈಲಿ ಕಳೆಯಿತು. ಮತ್ತೆ ಕೆಮ್ಮು.

"ನೀ ಕೊಡಿಸಿದ ಚೂಡಿದಾರ ಹಾಕ್ಕೊಂಡೀನಿ. ಚಂದ ಕಾಣ್ತೀನಿ."

ಗುರುಬಸವರಾಜ ಗಾಡಿಯನ್ನೇ ನಿಲ್ಲಿಸಿದ. "ಅಪ್ಪಾಜಿ ಯಾಕ ಚೂಡಿದಾರ..." ಅಂತ ಕೇಳಿದ.

"ಅಲ್ಲಿ ಬಟ್ಟಿ ಬರಿ ಹೆಂಗೈತೋ ಏನೋ ರೀ."

"ಖರೇ. ನಾವು ಅವಸರದಾಗ ಒಂದ ಪಂಚಿ ಹೊದಿಸಿ ಕಳಿಸಿದ್ವಿ. ಸಿಕ್ಕಿದ್ದು ಹಾಕ್ಕೊಂಡಾನ ಪಾಪ!" ಅಂತ ಅವನು ಮೂಗು ಒರೆಸಿಕೊಂಡ. ಆಮೇಲೆ ಮನೆಗೆ ಫೋನು ಹಚ್ಚಿ, ಹಡಗಲಿಗೆ ಕೊಟ್ಟಿರುವ ಅಕ್ಕನನ್ನು ಕರೆಸಲು ಹೇಳಿದ.

ಆ ಅಕ್ಕ ಕೊಟ್ರಬಸಮ್ಮ. ಏಕಾಂತಪ್ಪಜ್ಜನ ಹಿರಿಮಗಳು, ಆ ಮನೆಯ ಹೈಕೋರ್ಟು. ಅವಳ ಮಾತು ಆಯಿತೆಂದರೆ ಮುಂದೆ ಅಪೀಲಿಲ್ಲ. ಇವರು ಚಿಗಟೇರಿಯಲ್ಲಿ ಅಲ್ಲಿ ಇಲ್ಲಿ ನಾಲ್ಕು ಜನ ಹಿರಿಯರನ್ನು ಕಂಡು ಮನೆ ಮುಟ್ಟುವಷ್ಟರಲ್ಲಿ ಅವಳು ಬಂದು ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದಳು.

ಕಾಲು ತೊಳೆಯುವ ನೆಪದಲ್ಲಿ ತಿಪ್ಪೇಶ ಹಿತ್ತಲಿಗೆ ಹೋದ. ಸುಕನ್ಯಾ ತಂಬಿಗೆ ಹಿಡಿದು ಕಾಯುತ್ತಿದ್ದಳು.

"ಏನ್ ಮಾಡಿಟ್ಟೀಯೋ ಮಾರಾಯಾ? ಅಜ್ಜ ಚೂಡಿದಾರ ಹಾಕ್ಕೊಂಡಾನಂತ ಅಪ್ಪ ಫೋನ್‌ನಾಗ ಅಳ್ತಾನ!"

"ಖರೇ ಹೇಳಿಬಿಡೋಣ ಸುಕ್ಕಿ. ನನ್ನ ಕೈಲಿ ಆಗವಲ್ದು."

"ಹೇಳಿದ್ರ ನಿನ್ನ ಜೋಡಿ ನನ್ನೂ ಹುಗೀತಾನ. ಸುಮ್ನ ಕೇಳಿಲ್ಲಿ. ನಮ್ಮ ಮನ್ಯಾಗ ಏನ ಮಾಡಬೇಕಿದ್ರೂ ದೇವರ ಮುಂದ ಹೂವಿನ ಪ್ರಸಾದ ಕೇಳ್ತಾರ. ಬಲಕ್ಕ ಬಿದ್ರ ಹೌದು, ಎಡಕ್ಕ ಬಿದ್ರ ಇಲ್ಲ. ಇವತ್ತು ಹೂವಿನ ಬದ್ಲಿ ಅಜ್ಜನ್ನ ಕೇಳ್ತಾಳಂತ ಅತ್ತಿ. ಕೇಳ್ಲಿ. ನಾ ಅಡಿಗಿಮನ್ಯಾಗಿಂದ ಬರೀತೀನಿ. ನಮ್ಮ ಮದ್ವಿಗೆ ಅಜ್ಜನ ಒಪ್ಪಿಗಿ ಕೊಡ್ತಾನ!"

ತಿಪ್ಪೇಶನಿಗೆ ಆ ಹುಡುಗಿಯ ಮೇಲಿನ ಪ್ರೀತಿ ಉಕ್ಕಿ ಬಂತು. ದೆವ್ವವನ್ನೇ ಬ್ರೋಕರ್ ಮಾಡುವವಳನ್ನು ಕೈ ಹಿಡಿದರೆ ಮುಂದೆ ಯಾವ ಕಷ್ಟವಿದೆ?

ಹೊತ್ತು ಮುಳುಗುವ ಹೊತ್ತಿಗೆ ಫೋನನ್ನು ಅಜ್ಜನ ಫೋಟೋಕ್ಕೆ ಒರಗಿಸಿ ಕೂರಿಸಿದರು. ಊದುಬತ್ತಿ ಹಚ್ಚಿದರು. ಗುರುಬಸವರಾಜ ಕೈ ಮುಗಿದು ಕೇಳಿದ: "ಅಪ್ಪಾಜಿ, ನಿನಗ ಏನ್ ಕೊರತಿ ಆಗೈತಿ?"

ಅಡುಗೆಮನೆಯಲ್ಲಿ ಬಳೆ ಸದ್ದಾಯಿತು. ಫೋನು ಕೆಮ್ಮಿತು. "ನಂಗ ಸುಕನ್ಯಾನ ಮದ್ವಿ ಚಿಂತಿ."

ಎಲ್ಲರೂ ಕೈ ಮುಗಿದರು. ಕೊಟ್ರಬಸಮ್ಮ ಮಾತ್ರ ಕಣ್ಣು ಕಿರಿದು ಮಾಡಿದಳು. "ತಡೀರಿ. ಹಿಂಗ ಯಾವನರ ಕಳ್ಳನೂ ಹೇಳ್ತಾನ. ನಾ ಕೇಳ್ತೀನಿ. ಅಪ್ಪಾಜಿ, ನಾ ಸಣ್ಣಾಕಿದ್ದಾಗ ನನ್ನ ಏನಂತ ಕರೀತಿದ್ದಿ? ನಮ್ಮಿಬ್ಬರನ್ನ ಬಿಟ್ರ ಅದು ಯಾರಿಗೂ ಗೊತ್ತಿಲ್ಲ."

ಅದು ಸುಕನ್ಯಾಳಿಗೂ ಗೊತ್ತಿರಲಾರದು ಅಂತ ತಿಪ್ಪೇಶ ಫೋನನ್ನೇ ದಿಟ್ಟಿಸಿದ. ಅಷ್ಟರಲ್ಲಿ ಪಕ್ ಅಂತ ಕರೆಂಟು ಹೋಯಿತು. ಚಿಗಟೇರಿಯಲ್ಲಿ ಕರೆಂಟು ಹೋದರೆ ಟವರೂ ಅದರ ಹಿಂದೆಯೇ ಹೋಗುತ್ತದೆ. ಫೋನಿನ ಮೂಲೆಯ ಸಿಗ್ನಲ್ ಕಡ್ಡಿಗಳು ಒಂದೊಂದಾಗಿ ಇಳಿದು ಮಾಯವಾದದ್ದನ್ನು ಅವನು ನೋಡಿದ. ಸದ್ಯ, ಬದುಕಿದೆ ಅಂದುಕೊಂಡ. ನೆಟ್ಟೇ ಇಲ್ಲವೆಂದ ಮೇಲೆ ಯಾವ ಅಜ್ಜ, ಯಾವ ಪ್ರಶ್ನೆ?

ಕತ್ತಲಲ್ಲಿ ಫೋನು ಕೆಮ್ಮಿತು.

"ಸಿಂಬಳಬುರ್ಕಿ."

ಕೊಟ್ರಬಸಮ್ಮ "ಯಪ್ಪಾ!" ಅಂತ ಕಿರುಚಿ ನೆಲಕ್ಕೆ ಹಣೆ ಹಚ್ಚಿದಳು. ಅರವತ್ತು ದಾಟಿದ ಹೆಂಗಸು ಸಣ್ಣ ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತಳು.

ತಿಪ್ಪೇಶ ಅಡುಗೆಮನೆ ಕಡೆ ತಿರುಗಿದ. ಬಾಗಿಲಲ್ಲಿ ಸುಕನ್ಯಾ ನಿಂತಿದ್ದಳು. ತನ್ನ ಫೋನನ್ನು ಅವನ ಕಡೆ ತಿರುಗಿಸಿ ಹಿಡಿದಿದ್ದಳು. 'ಗೊತ್ತಿಲ್ಲ' ಅಂತ ಅವಳು ಬರೆದಿದ್ದಳು. ಅದರ ಪಕ್ಕ ಗಡಿಯಾರದ ಗುರುತು. ಸಂದೇಶ ಹೋಗಿರಲೇ ಇಲ್ಲ.

ಹಾಗಾದರೆ ಮಾತಾಡಿದ್ದು ಯಾರು?

"ಕೇಳಿಬಿಡಪಾ ಗುರಾ," ಅಂತ ಕೊಟ್ರಬಸಮ್ಮ ಅಳುತ್ತಲೇ ಅಂದಳು. "ಅಪ್ಪಾಜಿ ಖರೇನ ಬಂದಾನ. ಮದ್ವಿ ಕೇಳಿಬಿಡು."

"ಅಪ್ಪಾಜಿ, ಈ ಕೂಡ್ಲಿಗಿ ತಿಪ್ಪೇಶಗ ನಮ್ಮ ಸುಕನ್ಯಾನ ಕೊಡ್ಲೇನು?"

ಊದುಬತ್ತಿಯ ಕೆಂಪು ತುದಿಯೊಂದೇ ಕಾಣುತ್ತಿತ್ತು.

"ಹೂಂ. ಕೊಡ್ರಿ."

ಭಯವೂ ಸಂತೋಷವೂ ಒಟ್ಟಿಗೇ ಬಂದರೆ ಮನುಷ್ಯ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿಲ್ಲ. ತಿಪ್ಪೇಶನ ಕಾಲು ಬಾಗಿಲ ಕಡೆ ತಿರುಗಿತ್ತು, ಮುಖದಲ್ಲಿ ನಗು ಬರುತ್ತಿತ್ತು. ಹೇಳಿದ್ದು ಯಾರಾದರೂ ಆಗಲಿ, ಹೂಂ ಅಂದರಲ್ಲ! ಅಷ್ಟು ಸಾಕು. ಅವನು ಮುಂದೆ ಹೋಗಿ ಫೋನಿನ ಬಟನ್ ಒತ್ತಿ ಹಿಡಿದ. ಪರದೆ ಕಪ್ಪಾಯಿತು. ಇನ್ನು ಈ ಆ್ಯಪಿನ ಸಹವಾಸವೇ ಬೇಡ, ನಾಳೆ ಬೆಳಗ್ಗೆ ಅಳಿಸಿ ಹಾಕುತ್ತೇನೆ, ಜೆರಾಕ್ಸು ತೆಗೆದುಕೊಂಡು ಸುಕನ್ಯಾಳ ಜೊತೆ ಸುಖವಾಗಿರುತ್ತೇನೆ ಅಂತ ಮನಸ್ಸಿನಲ್ಲೇ ಆಣೆ ಮಾಡಿದ.

ಗುರುಬಸವರಾಜ ಎದ್ದು ಬಂದ. ಅಳಿಯಾ ಅಂತ ತಬ್ಬಿಕೊಳ್ಳುತ್ತಾನೆ ಅಂತ ತಿಪ್ಪೇಶ ಕೈ ಅಗಲಿಸಿದ. ಅವನು ದಬಕ್ಕನೆ ತಿಪ್ಪೇಶನ ಕಾಲಿಗೆ ಬಿದ್ದ.

"ಅಯ್ಯಯ್ಯೋ, ಏಳ್ರಿ ಮಾವಾ!"

"ಮಾವಾ ಅನ್ನಬ್ಯಾಡ!" ಅಂತ ಕೊಟ್ರಬಸಮ್ಮ ಕಣ್ಣೊರೆಸಿಕೊಂಡು ಎದ್ದಳು. ಹೈಕೋರ್ಟು ಮತ್ತೆ ಕೂತಿತು. "ಐದು ತಾಲೂಕಿನಾಗ ಇಷ್ಟು ಮಂದಿ ಇದ್ರೂ ಅಪ್ಪಾಜಿ ಯಾರ ಕಡಿಂದ ಮಾತಾಡಿದ? ಇವನ ಕಡಿಂದ. ನಮ್ಮಪ್ಪಾಜಿ ದನಿ ಹೊತ್ತೋನು ನಮ್ಮಪ್ಪಾಜಿ ಸಮಾನ ಆದ, ಹೌದಿಲ್ಲೋ? ಅಂದ ಮ್ಯಾಲೆ ಇಂವ ಸುಕನ್ಯಾಗ ಏನಾದ? ಅಜ್ಜ ಆದ! ಅಜ್ಜಗ ಮಮ್ಮಗಳನ್ನ ಕೊಡೋ ಪದ್ಧತಿ ಯಾವ ಊರಾಗೈತಿ?"

"ಅತ್ತೀ," ಅಂತ ತಿಪ್ಪೇಶ ತೊದಲಿದ. "ಅಜ್ಜನ ಹೂಂ ಕೊಡ್ರಿ ಅಂದಾನಲ್ರೀ!"

"ಅಂತಾನ. ಅಪ್ಪಾಜಿ ಇದ್ದಾಗ್ಲೂ ಕೇಳಿದ್ದಕ್ಕೆಲ್ಲ ಹೂಂ ಅಂತಿದ್ದ. ಆಮ್ಯಾಲೆ ನಾವ ಕುಂತು ವಿಚಾರ ಮಾಡ್ತಿದ್ವಿ."

"ಖರೇ ಐತಿ ಅಕ್ಕ," ಅಂದ ಗುರುಬಸವರಾಜ. "ನಾ ಇಷ್ಟೊತ್ತು ಅಪ್ಪಾಜಿ ಸಮಾನ ಇರೋ ಮನುಷ್ಯಾಗ ಮುಟ್ಟಬ್ಯಾಡ ಅಂತ ಗದರಿಸಿಬಿಟ್ಟೆ. ಹೊಟ್ಟ್ಯಾಗ ಹಾಕ್ಕೋ ಯಪ್ಪಾ!"

ಇನ್ನು ಸುಮ್ಮನಿದ್ದರೆ ಕೆಟ್ಟೆ ಅಂತ ತಿಪ್ಪೇಶ ಧೈರ್ಯ ಮಾಡಿದ. "ಕೇಳ್ರಿ ಎಲ್ಲಾರು! ಅಜ್ಜ ಬಂದಿಲ್ಲ! ಆ ಸಿಮ್ಮು ಸುಕನ್ಯಾನ ಹತ್ರ ಐತಿ! ನಾವಿಬ್ರೂ ಎಂಟು ತಿಂಗಳಿಂದ..."

"ಸುಕನ್ಯಾಗ ಸಿಂಬಳಬುರ್ಕಿ ಗೊತ್ತಿತ್ತೇನು?" ಕೊಟ್ರಬಸಮ್ಮ ಕೇಳಿದಳು.

ತಿಪ್ಪೇಶ ಸುಕನ್ಯಾಳ ಫೋನಿನ ಬೆಳಕಿನಲ್ಲಿ ಅವಳ ಮುಖ ನೋಡಿದ. ಸುಕನ್ಯಾ ಇಲ್ಲವೆಂದು ತಲೆಯಾಡಿಸಿದಳು. ಅವಳ ಕಣ್ಣಲ್ಲಿ ನೀರಿತ್ತು. ಆದರೆ ಅವಳು ತಿಪ್ಪೇಶನನ್ನು ನೋಡುತ್ತಿದ್ದ ರೀತಿ ಬದಲಾಗಿತ್ತು, ಹಿರಿಯರನ್ನು ನೋಡುವ ಹಾಗೆ ಒಂದು ಹೆಜ್ಜೆ ದೂರ ನಿಂತಿದ್ದಳು.

"ಬಾರವ್ವ," ಅಂತ ಕೊಟ್ರಬಸಮ್ಮ ಅವಳ ರೆಟ್ಟೆ ಹಿಡಿದು ತಂದಳು. "ಅಜ್ಜನ ಕಾಲಿಗೆ ಬೀಳು. ಒಳ್ಳೇ ವರ ಸಿಗ್ಲಿ ಅಂತ ಆಶೀರ್ವಾದ ತಗೋ. ಹೂಂ ಅಜ್ಜ, ಹೇಳು."

ಸುಕನ್ಯಾ ಬಗ್ಗಿದಳು. ಎಂಟು ತಿಂಗಳು ಬಂಗಾರ ಅಂದವಳ ಬೆರಳುಗಳು ಅವನ ಪಾದ ಮುಟ್ಟಿದವು, ತಣ್ಣಗಿದ್ದವು. ತಿಪ್ಪೇಶನಿಗೆ ಎದೆ ಒಡೆದುಹೋಗುವಷ್ಟು ದುಃಖವಾಯಿತು. ಏಳು ಸುಕ್ಕಿ, ನಾನು ನಿನ್ನ ತಿಪ್ಪೇಶ ಕಣೇ, ನಡಿ ಓಡಿ ಹೋಗೋಣ ಅಂತ ಎಲ್ಲರ ಎದುರಿಗೇ ಕೂಗಿಬಿಡಬೇಕೆಂದು ಅವನು ದೊಡ್ಡದಾಗಿ ಬಾಯಿ ತೆರೆದ.

ಗಂಟಲು ತಾನಾಗಿಯೇ ಕೆಮ್ಮಿತು. ಫೋನು ಜಗುಲಿಯ ಮೇಲೆ ಕಪ್ಪಗೆ ಬಿದ್ದಿತ್ತು. ತಿಪ್ಪೇಶನ ಸ್ವಂತ ಬಾಯೊಳಗಿಂದ ಏಕಾಂತಪ್ಪಜ್ಜ ನಿಧಾನಕ್ಕೆ ಹೇಳಿದ:

"ಹೂಂ. ಒಳ್ಳೇ ವರ ಸಿಗ್ಲವ್ವ."